ಕಮಾಂಡ್ ಲೈನ್ ಇಲ್ಲದ ಹೋಸ್ಟಿಂಗ್‌ನಲ್ಲಿ ಲಾರಾವೆಲ್ ಕ್ಯಾಶ್ ಖಾಲಿ ಮಾಡುವುದು ಹೇಗೆ? ಭತ್ತದ ರೇಟು ಮೊನ್ನೆಯದೇ ತೋರಿಸುತ್ತಿದೆ

ಎಡದಂಡೆ (ಸಿಂಧನೂರು), ಸಂಜೆ 6:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತುರ್ತು ಇದೆ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸಿಂಧನೂರಿನ ಒಂದು ದಲಾಲಿ ಅಂಗಡಿಯ ವೆಬ್ ಅಪ್ಲಿಕೇಶನ್ ನಾನು ನೋಡಿಕೊಳ್ಳುತ್ತೇನೆ. ಲಾರಾವೆಲ್ (ಪಿಎಚ್‌ಪಿ ಭಾಷೆಯ ವೆಬ್ ಚೌಕಟ್ಟು) 10ರಲ್ಲಿ ಮಾಡಿದ್ದು. ದಿನಾ ಬೆಳಗ್ಗೆ ಸಾಹುಕಾರರು ಭತ್ತದ ರೇಟು ಹಾಕುತ್ತಾರೆ, 75 ಕೆ.ಜಿ. ಚೀಲಕ್ಕೆ ಇಷ್ಟು ಅಂತ. ರೈತರು ಮೊಬೈಲ್‌ನಲ್ಲಿ ಅದನ್ನು ನೋಡಿಕೊಂಡು ಮಾಲು ತರುತ್ತಾರೆ. ಮೊದಲು ಇದನ್ನು ಬರೆದವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಎರಡು ತಿಂಗಳಿಂದ ನನ್ನ ಕೈಯಲ್ಲಿದೆ.

ಈಗ ಎರಡು ತೊಂದರೆ. ಒಂದು, ಎಸ್‌ಎಂಎಸ್ ಕಳಿಸುವ ಸೇವೆಯ ಪಾಸ್‌ವರ್ಡ್ ಬದಲಾಯಿತು. ಪಾಸ್‌ವರ್ಡ್‌ಗಳಂಥ ಸೆಟ್ಟಿಂಗ್ ಇರುವ ಡಾಟ್ ಇಎನ್‌ವಿ ಫೈಲ್‌ನಲ್ಲಿ ಹೊಸದು ಹಾಕಿದೆ. ಆದರೆ ಅಪ್ಲಿಕೇಶನ್ ಇನ್ನೂ ಹಳೇದನ್ನೇ ಕಳಿಸುತ್ತಿದೆ. ಎರಡು, ರೇಟಿನ ಪುಟದಲ್ಲಿ ಮೊನ್ನೆಯ ರೇಟು ಹಾಗೇ ನಿಂತಿದೆ. ಡೇಟಾಬೇಸ್ ತೆಗೆದು ನೋಡಿದರೆ ಇವತ್ತಿನ ರೇಟು ಸರಿಯಾಗೇ ಇದೆ. ಕ್ಯಾಶ್, ಅಂದರೆ ಬೇಗ ತೋರಿಸಲು ಎತ್ತಿಟ್ಟ ಪ್ರತಿ, ಹಳೇದಾಗಿರಬೇಕು.

ಇವತ್ತು ಕಾರಟಗಿ ಕಡೆಯಿಂದ ಒಬ್ಬ ಹಿರಿಯರು ಟ್ರ್ಯಾಕ್ಟರ್ ತುಂಬಿಕೊಂಡು ಬಂದಿದ್ದರು. ಮೊಬೈಲ್‌ನಲ್ಲಿ ಕಂಡ ರೇಟಿಗೂ ಅಂಗಡಿಯ ರೇಟಿಗೂ ಚೀಲಕ್ಕೆ 60 ರೂಪಾಯಿ ವ್ಯತ್ಯಾಸ. ಅವರು ಜಗಳ ಮಾಡಲಿಲ್ಲ. ಫೋನ್ ತೆಗೆದು ತೋರಿಸಿ ಸುಮ್ನೆ ನಿಂತರು. ಸಾಹುಕಾರರು ಅವರಿಗೆ ಮೊಬೈಲ್‌ನಲ್ಲಿದ್ದ ರೇಟೇ ಕೊಟ್ಟರು. "ನಾಳೆ ಇನ್ನೂ ಹತ್ತು ಗಾಡಿ ಹೀಗೇ ಬಂದರೆ ಏನು ಮಾಡಲಿ?" ಅಂತ ನನ್ನನ್ನು ಕೇಳಿದರು. ಈಗ ಸುಗ್ಗಿ ಬೇರೆ.

ಎಲ್ಲಿ ಹುಡುಕಿದರೂ "ಆರ್ಟಿಸನ್ ಕಮಾಂಡ್ ಓಡಿಸಿ" ಅಂತಲೇ ಇದೆ (ಆರ್ಟಿಸನ್ ಅಂದರೆ ಲಾರಾವೆಲ್‌ನ ಕಮಾಂಡ್ ಸಾಧನ). ನಮ್ಮದು ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್. ಸಿಪ್ಯಾನೆಲ್ (ಬ್ರೌಸರ್‌ನಲ್ಲೇ ಹೋಸ್ಟಿಂಗ್ ನೋಡಿಕೊಳ್ಳುವ ಪುಟ) ಇದೆ, ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ದಾರಿ) ಇಲ್ಲ, ಟರ್ಮಿನಲ್ ಇಲ್ಲ. ದಾರಿ ಇದೆಯಾ?

ಮುದಗಲ್ ಕೋಟೆ, ಸಂಜೆ 6:52

ಮೊದಲು ಬ್ರೌಸರ್‌ನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಎಫ್5 ಒತ್ತಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿ ಹೋಗುತ್ತದೆ.

ಎಡದಂಡೆ, ಸಂಜೆ 6:55

ಮಾಡಿದೆ ಸರ್. ಬೇರೆ ಬ್ರೌಸರ್, ಬೇರೆ ಫೋನ್, ಬೇರೆ ಸಿಮ್ಮು ಎಲ್ಲಾ ನೋಡಿದೆ. ಅದೇ ಹಳೆ ರೇಟು. ಎಸ್‌ಎಂಎಸ್ ಹೋಗದೇ ಇರುವುದಕ್ಕೆ ಬ್ರೌಸರ್ ಕಾರಣ ಆಗೋದಿಲ್ಲ ಅಲ್ವಾ?

ಗಂಗಾವತಿ ಕೋಡ್, ಸಂಜೆ 7:03

ಕ್ಯಾಶ್ ಎಲ್ಲಾ ಸ್ಟೋರೇಜ್ ಫೋಲ್ಡರ್ ಒಳಗೆ ಇರುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಹೋಗಿ ಸ್ಟೋರೇಜ್ ಒಳಗಿನ ಫ್ರೇಮ್‌ವರ್ಕ್ ಫೋಲ್ಡರ್ ಡಿಲೀಟ್ ಮಾಡಿ. ತಾನೇ ಮತ್ತೆ ಹುಟ್ಟುತ್ತದೆ.

ಎಡದಂಡೆ, ಸಂಜೆ 7:15

ಅಣ್ಣಾ, ಡಿಲೀಟ್ ಮಾಡಿದೆ. ಈಗ ಸೈಟೇ ಬರುತ್ತಿಲ್ಲ. 500 ಅಂತ ಸರ್ವರ್ ತಪ್ಪು ಬರುತ್ತಿದೆ. ಅಂಗಡಿಯಲ್ಲಿ ಬಿಲ್ ಹಾಕುವವರು ನನ್ನನ್ನೇ ನೋಡುತ್ತಾ ಕೂತಿದ್ದಾರೆ. ದಯವಿಟ್ಟು ಯಾರಾದರೂ ಹೇಳಿ.

ಕೋಟೆಗುಡ್ಡ (ಬಳ್ಳಾರಿ), ಸಂಜೆ 7:19

ತಮ್ಮಾ, ಗಾಬರಿ ಆಗಬೇಡ. ಸಿಪ್ಯಾನೆಲ್ ಫೈಲ್ ಮ್ಯಾನೇಜರ್‌ನಲ್ಲಿ ಡಿಲೀಟ್ ಮಾಡುವಾಗ "ಸ್ಕಿಪ್ ದ ಟ್ರ್ಯಾಶ್" ಅಂತ ಒಂದು ಟಿಕ್ ಕೇಳುತ್ತದೆ. ಅದನ್ನು ಒತ್ತಿಲ್ಲ ಅಂದರೆ ಫೋಲ್ಡರ್ ಕಸದ ಬುಟ್ಟಿಯಲ್ಲಿ ಇದೆ. ಮೇಲಿನ ಸಾಲಿನಲ್ಲಿ "ವ್ಯೂ ಟ್ರ್ಯಾಶ್" ಒತ್ತು. ಫ್ರೇಮ್‌ವರ್ಕ್ ಫೋಲ್ಡರ್ ಆರಿಸಿ "ರಿಸ್ಟೋರ್" ಕೊಡು.

ಅಲ್ಲಿ ಇಲ್ಲದಿದ್ದರೆ ಕೈಯಿಂದಲೇ ಕಟ್ಟು. ಸ್ಟೋರೇಜ್ ಒಳಗೆ ಫ್ರೇಮ್‌ವರ್ಕ್. ಅದರ ಒಳಗೆ ಮೂರು ಫೋಲ್ಡರ್: ಕ್ಯಾಶ್, ಸೆಷನ್ಸ್, ವ್ಯೂಸ್. ಕ್ಯಾಶ್ ಒಳಗೆ ಡೇಟಾ ಅಂತ ಇನ್ನೊಂದು. ಅಷ್ಟೇ ಸಾಕು, ಸೈಟ್ ಏಳುತ್ತದೆ.

ಎಡದಂಡೆ, ಸಂಜೆ 7:26

ಟ್ರ್ಯಾಶ್‌ನಲ್ಲಿ ಇತ್ತು ಅಕ್ಕಾ! ವಾಪಸ್ ತಂದೆ. ಸೈಟ್ ಬಂತು. ಹಳೆ ರೇಟೂ ಬಂತು. ಆದರೂ ಜೀವ ಬಂದ ಹಾಗಾಯಿತು.

ಗಂಗಾವತಿ ಕೋಡ್, ಸಂಜೆ 7:30

ನನ್ನ ಮಾತಿನಿಂದ ತೊಂದರೆ ಆಯಿತು, ಕ್ಷಮಿಸಿ. ಫೋಲ್ಡರ್ ತಾನೇ ಹುಟ್ಟುತ್ತದೆ ಅಂತ ನಿಜವಾಗಿಯೂ ನಂಬಿದ್ದೆ.

ಕೋಟೆಗುಡ್ಡ, ರಾತ್ರಿ 8:10

ಊಟ ಮುಗಿಸಿ ಕೂತಿದ್ದೇನೆ. ಈಗ ವಿವರವಾಗಿ ಬರೆಯುತ್ತೇನೆ. ಫೈಲ್‌ಗಳ ಹೆಸರು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಸ್ಕ್ರೀನ್ ಮೇಲೆ ನೋಡಿ ಹೊಂದಿಸಿಕೋ.

ಮೊದಲ ಮಾತು. ಕ್ಯಾಶ್ ಅಂದರೆ ಒಂದೇ ಅಲ್ಲ. ಲಾರಾವೆಲ್ ಒಳಗೇ ನಾಲ್ಕೈದು ಕ್ಯಾಶ್ ಇವೆ. ಒಂದೊಂದೂ ಬೇರೆ ಬೇರೆ ಕಡೆ ಕೂತಿರುತ್ತದೆ. ನಿನ್ನ ಎರಡು ತೊಂದರೆಗೆ ಎರಡು ಬೇರೆ ಕಾರಣ ಇರುವ ಹಾಗೆ ಕಾಣುತ್ತದೆ. ಅದಕ್ಕೇ ಒಂದೇ ಸಲಕ್ಕೆ ಎಲ್ಲಾ ಅಳಿಸಬೇಡ. ಒಂದೊಂದೇ ಹಿಡಿಯೋಣ.

ಎಸ್‌ಎಂಎಸ್ ಪಾಸ್‌ವರ್ಡ್ ಮೊದಲು ನೋಡೋಣ. ಹಿಂದಿನವರು ಯಾವತ್ತೋ "ಕಾನ್ಫಿಗ್ ಕ್ಯಾಶ್" ಕಮಾಂಡ್ ಓಡಿಸಿದ್ದಾರೆ. ಆಗ ಲಾರಾವೆಲ್ ಎಲ್ಲಾ ಸೆಟ್ಟಿಂಗ್‌ಗಳನ್ನು ಒಂದೇ ಫೈಲ್‌ಗೆ ಬರೆದುಕೊಂಡು ಬಿಡುತ್ತದೆ. ಆಮೇಲೆ ಡಾಟ್ ಇಎನ್‌ವಿ ಫೈಲನ್ನು ತೆರೆದೂ ನೋಡುವುದಿಲ್ಲ. ನೀನು ಅಲ್ಲಿ ಏನು ಬದಲಾಯಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ.

ಆ ಫೈಲ್ ಇರುವುದು ಸ್ಟೋರೇಜ್‌ನಲ್ಲಿ ಅಲ್ಲ. ಪ್ರಾಜೆಕ್ಟ್‌ನಲ್ಲಿ ಬೂಟ್‌ಸ್ಟ್ರ್ಯಾಪ್ ಅಂತ ಫೋಲ್ಡರ್ ಇದೆ, ಅದರ ಒಳಗೆ ಕ್ಯಾಶ್. ಅಲ್ಲಿ ಕಾನ್ಫಿಗ್.ಪಿಎಚ್‌ಪಿ, ರೂಟ್ಸ್-ವಿ7.ಪಿಎಚ್‌ಪಿ, ಪ್ಯಾಕೇಜಸ್.ಪಿಎಚ್‌ಪಿ, ಸರ್ವಿಸಸ್.ಪಿಎಚ್‌ಪಿ ಇರಬಹುದು. ಕೆಲವು ಕಡೆ ಈವೆಂಟ್ಸ್.ಪಿಎಚ್‌ಪಿ ಕೂಡ ಇರುತ್ತದೆ. "ಕಾನ್ಫಿಗ್ ಕ್ಲಿಯರ್" ಕಮಾಂಡ್ ಮಾಡುವ ಕೆಲಸ ಏನು ಗೊತ್ತಾ? ಈ ಕಾನ್ಫಿಗ್.ಪಿಎಚ್‌ಪಿ ಫೈಲ್ ಅಳಿಸುವುದು, ಅಷ್ಟೇ. "ರೂಟ್ ಕ್ಲಿಯರ್" ರೂಟ್ಸ್ ಫೈಲ್ ಅಳಿಸುತ್ತದೆ (ರೂಟ್ ಅಂದರೆ ಯಾವ ವಿಳಾಸ ತೆರೆದರೆ ಏನು ಓಡಬೇಕು ಅನ್ನುವ ನಿಯಮ). ಅದನ್ನು ನೀನು ಫೈಲ್ ಮ್ಯಾನೇಜರ್‌ನಲ್ಲಿ ಕೈಯಿಂದ ಮಾಡಿದರೂ ಫಲ ಒಂದೇ.

ಆದರೆ ಅಳಿಸುವ ಮುಂಚೆ ಒಂದು ಕೆಲಸ ಇದೆ. ಇದನ್ನು ದಯವಿಟ್ಟು ಬಿಡಬೇಡ. ನಿನ್ನ ಸೈಟ್ ಇವತ್ತು ನಡೆಯುತ್ತಿರುವುದು ಆ ಕಾನ್ಫಿಗ್ ಫೈಲ್‌ನಲ್ಲಿರುವ ಮಾಹಿತಿಯಿಂದ. ಡಾಟ್ ಇಎನ್‌ವಿಯಲ್ಲಿ ಏನಿದೆಯೋ ಅದು ತಿಂಗಳುಗಟ್ಟಲೆ ಬಳಕೆಯಲ್ಲೇ ಇಲ್ಲದೇ ಇರಬಹುದು. ಅಲ್ಲಿ ಹಳೇ ಡೇಟಾಬೇಸ್ ಹೆಸರು ಇದ್ದರೆ? ಕಾನ್ಫಿಗ್ ಅಳಿಸಿದ ಮರುಕ್ಷಣ ಸೈಟ್ ಆ ಹಳೇ ಡೇಟಾಬೇಸ್‌ಗೆ ಹೋಗುತ್ತದೆ. ಅದಕ್ಕೇ ಕಾನ್ಫಿಗ್.ಪಿಎಚ್‌ಪಿಯನ್ನು ನಿನ್ನ ಕಂಪ್ಯೂಟರ್‌ಗೆ ಡೌನ್‌ಲೋಡ್ ಮಾಡು. ನೋಟ್‌ಪ್ಯಾಡ್‌ನಲ್ಲಿ ತೆಗೆ. ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್, ಆಪ್ ಕೀ ಈ ನಾಲ್ಕನ್ನು ಡಾಟ್ ಇಎನ್‌ವಿ ಜೊತೆ ಹೋಲಿಸಿ ನೋಡು. ಆಪ್ ಕೀ ಬೇರೆ ಆದರೆ ಮೊದಲು ಎನ್‌ಕ್ರಿಪ್ಟ್ ಮಾಡಿಟ್ಟ ಮಾಹಿತಿ ಓದಲು ಬರುವುದಿಲ್ಲ.

ಡಾಟ್ ಇಎನ್‌ವಿ ಕಾಣದಿದ್ದರೆ ಫೈಲ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಲ್ಲಿ "ಶೋ ಹಿಡನ್ ಫೈಲ್ಸ್" ಒತ್ತು. ಚುಕ್ಕೆಯಿಂದ ಶುರುವಾಗುವ ಫೈಲ್‌ಗಳನ್ನು ಅದು ಸುಮ್ನೆ ತೋರಿಸುವುದಿಲ್ಲ.

ಕೆಲವರು ಅಳಿಸುವ ಬದಲು ಹೆಸರು ಬದಲಿಸಿ, ಕೊನೆಗೆ "ಡಾಟ್ ಓಲ್ಡ್" ಸೇರಿಸಿ ಇಡುತ್ತಾರೆ. ಬೇಡ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಷ್ಟೋ ಜನ ಇಡೀ ಪ್ರಾಜೆಕ್ಟನ್ನೇ ಹೊರಗಿನವರಿಗೆ ತೆರೆದಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ ಒಳಗೆ ಸುರಿದಿರುತ್ತಾರೆ. ಫೈಲ್ ಹೆಸರು ಪಿಎಚ್‌ಪಿ ಅಂತ ಮುಗಿದರೆ ಸರ್ವರ್ ಅದನ್ನು ಓಡಿಸುತ್ತದೆ, ಒಳಗಿನದು ಹೊರಗೆ ಕಾಣುವುದಿಲ್ಲ. ಓಲ್ಡ್ ಅಂತ ಮುಗಿದರೆ ಬರೀ ಪಠ್ಯ ಅಂತ ತಿಳಿದು ಕೇಳಿದವರಿಗೆಲ್ಲಾ ಕೊಟ್ಟುಬಿಡುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಸಮೇತ.

ಎಡದಂಡೆ, ರಾತ್ರಿ 8:48

ಅಕ್ಕಾ, ಇದನ್ನು ಓದುವ ಮುಂಚೆ ಬೇರೆ ಒಂದು ಪ್ರಯತ್ನ ಮಾಡಿದ್ದೆ. ವೆಬ್.ಪಿಎಚ್‌ಪಿಯಲ್ಲಿ ಒಂದು ರೂಟ್ ಬರೆದು, ಅದರಲ್ಲಿ ಆರ್ಟಿಸನ್ ಕಾಲ್ ಹಾಕಿ, ಬ್ರೌಸರ್‌ನಲ್ಲಿ ಆ ವಿಳಾಸ ತೆರೆದೆ. 404 (ಪುಟ ಸಿಗಲಿಲ್ಲ) ಅಂತ ಬಂತು. ಮೂರು ಸಲ ಅಕ್ಷರ ಅಕ್ಷರ ನೋಡಿದೆ. ತಪ್ಪಿಲ್ಲ.

ಕೋಟೆಗುಡ್ಡ, ರಾತ್ರಿ 8:53

ತಪ್ಪು ನಿನ್ನದಲ್ಲ. ರೂಟ್ಸ್-ವಿ7 ಫೈಲ್ ಇದೆ ಅಂದರೆ ರೂಟ್‌ಗಳೂ ಕ್ಯಾಶ್ ಆಗಿವೆ. ಹೊಸದಾಗಿ ಬರೆದ ರೂಟನ್ನು ಅದು ಓದುವುದೇ ಇಲ್ಲ. ಕ್ಯಾಶ್ ತೆಗೆಯಲು ಬರೆದ ರೂಟೇ ಕ್ಯಾಶ್‌ನ ಹಿಂದೆ ಸಿಕ್ಕಿಕೊಂಡಿದೆ. ಈ ಒಂದು ಮಾತು ಆ ಉಪಾಯ ಹೇಳುವ ಜಾಸ್ತಿ ಬರಹಗಳಲ್ಲಿ ಇರುವುದಿಲ್ಲ. ರೂಟ್ಸ್ ಫೈಲ್ ಕೈಯಿಂದ ಅಳಿಸು. ಆಮೇಲೆ ಅದೇ ವಿಳಾಸ ಕೆಲಸ ಮಾಡುತ್ತದೆ. ಆದರೆ ಕೆಲಸ ಆದ ಮೇಲೆ ಆ ರೂಟ್ ತೆಗೆದು ಹಾಕು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಎಡದಂಡೆ, ರಾತ್ರಿ 9:25

ಅಕ್ಕಾ, ನೀವು ಹೋಲಿಸಿ ನೋಡು ಅಂದಿರಿ. ನೋಡಿದೆ. ಡಾಟ್ ಇಎನ್‌ವಿಯಲ್ಲಿ ಡೇಟಾಬೇಸ್ ಹೆಸರು ಬೇರೆಯೇ ಇತ್ತು! ಕೊನೆಯಲ್ಲಿ "ಟೆಸ್ಟ್" ಅಂತ ಇದೆ. ಕಾನ್ಫಿಗ್.ಪಿಎಚ್‌ಪಿಯಲ್ಲಿ ಇದ್ದದ್ದು ಸರಿಯಾದದ್ದು. ನೋಡದೇ ಅಳಿಸಿದ್ದರೆ ಇವತ್ತು ರಾತ್ರಿ ಬಿಲ್‌ಗಳೆಲ್ಲಾ ಟೆಸ್ಟ್ ಡೇಟಾಬೇಸ್‌ಗೆ ಹೋಗುತ್ತಿದ್ದವು. ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ.

ಹೆಸರು ಸರಿ ಮಾಡಿದೆ. ಆಪ್ ಕೀ ಒಂದೇ ಇತ್ತು. ಆಮೇಲೆ ಕಾನ್ಫಿಗ್ ಮತ್ತು ರೂಟ್ಸ್ ಎರಡೂ ಫೈಲ್ ಅಳಿಸಿದೆ. ನನ್ನ ನಂಬರಿಗೇ ಒಂದು ಎಸ್‌ಎಂಎಸ್ ಕಳಿಸಿ ನೋಡಿದೆ, ಬಂತು.

ರೇಟು ಮಾತ್ರ ಇನ್ನೂ ಮೊನ್ನೆಯದೇ.

ಮಾನ್ವಿ ಮಾಸ್ತರ, ರಾತ್ರಿ 9:40

ಒಳ್ಳೆಯ ಚರ್ಚೆ. ನಾನು ಶಾಲೆಯ ಸೈಟ್ ಒಂದನ್ನು ಇದೇ ರೀತಿಯ ಹೋಸ್ಟಿಂಗ್‌ನಲ್ಲಿ ನಡೆಸುತ್ತೇನೆ. ನನ್ನ ದಾರಿ ಹೇಳುತ್ತೇನೆ: ಕ್ರಾನ್ ಜಾಬ್, ಅಂದರೆ ಹೇಳಿದ ಹೊತ್ತಿಗೆ ಸರ್ವರ್ ತಾನೇ ಓಡಿಸುವ ಕೆಲಸ. ಎಸ್‌ಎಸ್‌ಎಚ್ ಇಲ್ಲದಿದ್ದರೂ ಸಿಪ್ಯಾನೆಲ್‌ನಲ್ಲಿ ಕ್ರಾನ್ ಜಾಬ್ ಇರುತ್ತದೆ. ಅದು ಕಮಾಂಡ್ ಓಡಿಸುವ ಜಾಗವೇ ಅಲ್ವಾ? ಪಿಎಚ್‌ಪಿಯ ಪೂರ್ತಿ ದಾರಿ, ಒಂದು ಸ್ಪೇಸ್, ಪ್ರಾಜೆಕ್ಟ್‌ನ ಆರ್ಟಿಸನ್ ಫೈಲ್‌ನ ಪೂರ್ತಿ ದಾರಿ, ಇನ್ನೊಂದು ಸ್ಪೇಸ್, ಆಮೇಲೆ ಆಪ್ಟಿಮೈಸ್:ಕ್ಲಿಯರ್ (ಲಾರಾವೆಲ್ ಕ್ಯಾಶ್‌ಗಳನ್ನು ಒಟ್ಟಿಗೆ ಅಳಿಸುವ ಕಮಾಂಡ್). ಐದು ನಿಮಿಷಕ್ಕೊಮ್ಮೆ ಅಂತ ಇಟ್ಟು, ಒಂದು ಸಲ ಓಡಿದ ಮೇಲೆ ಆ ಸಾಲು ಅಳಿಸುತ್ತೇನೆ. ಓಡಿದ ವಿವರ ಇಮೇಲ್‌ಗೆ ಬರುವ ಹಾಗೆ ಹಾಕಿಕೊಂಡರೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ.

ಒಂದು ಕಡೆ ನಾನು ಎಡವಿದ್ದೆ. ಸೈಟ್‌ಗೆ ಪಿಎಚ್‌ಪಿ 8.2 ಹಾಕಿದ್ದೆ. ಕ್ರಾನ್‌ನಲ್ಲಿ ಬರೀ ಪಿಎಚ್‌ಪಿ ಅಂತ ಬರೆದರೆ ಹೋಸ್ಟಿಂಗ್‌ನವರ ಹಳೇ ಆವೃತ್ತಿ ಓಡುತ್ತಿತ್ತು. ಲಾರಾವೆಲ್ 10ಕ್ಕೆ ಕನಿಷ್ಠ 8.1 ಬೇಕು, ತಪ್ಪು ತೋರಿಸಿ ನಿಲ್ಲುತ್ತಿತ್ತು. ಅದಕ್ಕೆ ಪೂರ್ತಿ ದಾರಿ ಬರೆಯಬೇಕು. ಜಾಸ್ತಿ ಸಿಪ್ಯಾನೆಲ್ ಸರ್ವರ್‌ಗಳಲ್ಲಿ ಅದು ಆಪ್ಟ್ ಫೋಲ್ಡರ್‌ನ ಒಳಗೆ, ಸಿಪ್ಯಾನೆಲ್, ಇಎ-ಪಿಎಚ್‌ಪಿ82 ಹೀಗೆ ಸಾಗುತ್ತದೆ. ಕ್ರಾನ್ ಪುಟದಲ್ಲೇ ಉದಾಹರಣೆ ಕೊಟ್ಟಿರುತ್ತಾರೆ.

ಕೋಟೆಗುಡ್ಡ, ರಾತ್ರಿ 9:52

ಮಾಸ್ತರ ಸರ್ ಹೇಳಿದ್ದು ಸರಿ. ನನಗೂ ರೂಟ್‌ಗಿಂತ ಕ್ರಾನ್ ಇಷ್ಟ. ಹೊರಗಿನವರ ಕೈಗೆ ಸಿಗುವುದಿಲ್ಲ. ಆದರೆ ತಮ್ಮಾ, ನೀನು ಈಗಲೇ ಅದನ್ನು ಓಡಿಸಬೇಡ. ಓಡಿಸಿದರೆ ರೇಟು ಸರಿ ಹೋಗಬಹುದು. ಯಾಕೆ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ. ನಾಳೆ ಬೆಳಗ್ಗೆ ಮತ್ತೆ ಅದೇ ಕಥೆ ಆಗುತ್ತದೆ.

ರೇಟು ತೋರಿಸುವ ಕೋಡ್ ಇರುವ ಕಂಟ್ರೋಲರ್ ಫೈಲ್ ತೆಗೆದು ನೋಡು. ಅಲ್ಲಿ "ರಿಮೆಂಬರ್" ಅಥವಾ "ರಿಮೆಂಬರ್ ಫಾರೆವರ್" ಅನ್ನುವ ಪದ ಇದೆಯಾ?

ಎಡದಂಡೆ, ರಾತ್ರಿ 10:05

ಇದೆ. ರಿಮೆಂಬರ್ ಫಾರೆವರ್. ಒಂದೇ ಕೀ (ಕ್ಯಾಶ್‌ನಲ್ಲಿ ಇಟ್ಟದ್ದರ ಹೆಸರು), ಅದರಲ್ಲಿ ಎಲ್ಲಾ ರೇಟು. ಡಾಟ್ ಇಎನ್‌ವಿಯಲ್ಲಿ ಕ್ಯಾಶ್ ಡ್ರೈವರ್ ಡೇಟಾಬೇಸ್ ಅಂತ ಇದೆ.

ಕೋಟೆಗುಡ್ಡ, ರಾತ್ರಿ 10:14

ಸಿಕ್ಕಿತು. ಇದು ಕೋಡ್ ಬರೆದವರು ಬೇಕಂತಲೇ ಇಟ್ಟ ಕ್ಯಾಶ್. ಸುಗ್ಗಿಯಲ್ಲಿ ಬೆಳಗ್ಗೆ ಎಂಟಕ್ಕೆ ನೂರಾರು ಜನ ಒಟ್ಟಿಗೆ ರೇಟು ನೋಡುತ್ತಾರೆ. ಪ್ರತಿ ಸಲ ಲೆಕ್ಕ ಹಾಕಿ ತರುವ ಬದಲು ಒಮ್ಮೆ ತಂದು ಇಟ್ಟುಕೊಳ್ಳಲಿ ಅಂತ ಮಾಡಿದ್ದಾರೆ. ತಪ್ಪೇನಿಲ್ಲ.

ನೀನು ಫ್ರೇಮ್‌ವರ್ಕ್ ಫೋಲ್ಡರ್ ಪೂರ್ತಿ ಅಳಿಸಿದಾಗಲೂ ಇದು ಯಾಕೆ ಹೋಗಲಿಲ್ಲ? ಇದು ಫೈಲ್‌ನಲ್ಲಿ ಇಲ್ಲ, ಡೇಟಾಬೇಸ್‌ನಲ್ಲಿ ಇದೆ. ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡುವ ಪಿಎಚ್‌ಪಿ ಮೈಅಡ್ಮಿನ್ ತೆಗೆ. ಕ್ಯಾಶ್ ಅನ್ನುವ ಟೇಬಲ್ ಇರುತ್ತದೆ. ಅದರ ಮುಂದೆ "ಎಂಪ್ಟಿ" ಇದೆ, ಪಕ್ಕದಲ್ಲೇ "ಡ್ರಾಪ್" ಇದೆ. ಎಂಪ್ಟಿ ಒತ್ತಿದರೆ ಸಾಲುಗಳು ಹೋಗುತ್ತವೆ. ಡ್ರಾಪ್ ಒತ್ತಿದರೆ ಟೇಬಲ್ಲೇ ಹೋಗುತ್ತದೆ, ಸೈಟ್ ಮತ್ತೆ ಬೀಳುತ್ತದೆ. ನಿಧಾನವಾಗಿ ನೋಡಿ ಒತ್ತು. ಸೆಷನ್ಸ್ ಅನ್ನುವ ಟೇಬಲ್ ಇದ್ದರೆ ಅದನ್ನು ಮುಟ್ಟಬೇಡ, ಎಲ್ಲರೂ ಲಾಗೌಟ್ ಆಗುತ್ತಾರೆ.

ಬೇರೆಯವರಿಗೂ ಹೇಳುತ್ತೇನೆ: ಲಾರಾವೆಲ್ 11ರಿಂದ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಕ್ಯಾಶ್, ಸೆಷನ್ ಎರಡೂ ಮೊದಲಿನಿಂದಲೇ ಡೇಟಾಬೇಸ್‌ನಲ್ಲಿ ಇರುತ್ತವೆ. ಫೈಲ್‌ಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಇಷ್ಟು ತಿಂಗಳು ಇದು ಸರಿ ಇತ್ತು ಅಲ್ವಾ? ಮೊನ್ನೆಯಿಂದ ಯಾಕೆ ನಿಂತಿತು? ಮೊನ್ನೆ ನೀನು ಏನು ಬದಲಾಯಿಸಿದೆ?

ಎಡದಂಡೆ, ರಾತ್ರಿ 10:41

ಟೇಬಲ್ ಎಂಪ್ಟಿ ಮಾಡಿದೆ. ಇವತ್ತಿನ ರೇಟು ಬಂತು ಅಕ್ಕಾ! ಸಾಹುಕಾರರಿಗೆ ಫೋನ್ ಮಾಡಿ ಹೇಳಿದೆ.

ಮೊನ್ನೆ ಏನು ಬದಲಾಯಿಸಿದೆ ಅಂತ ಕೂತು ಯೋಚನೆ ಮಾಡಿದೆ. ಸಾಹುಕಾರರು ಒಂದೊಂದೇ ತಳಿಯ ರೇಟು ಹಾಕುವುದು ಕಷ್ಟ ಅಂತಿದ್ದರು. ಸೋನಾ ಮಸೂರಿಗೆ ಒಂದು ಪುಟ, ಬೇರೆ ತಳಿಗೆ ಇನ್ನೊಂದು ಪುಟ. ಅದಕ್ಕೆ ನಾನು ಎಲ್ಲವನ್ನೂ ಒಂದೇ ಪುಟದಲ್ಲಿ ಹಾಕಿ ಒಂದೇ ಬಟನ್ನಲ್ಲಿ ಉಳಿಸುವ ಹಾಗೆ ಮಾಡಿಕೊಟ್ಟೆ. ಅವರಿಗೆ ತುಂಬಾ ಖುಷಿ ಆಗಿತ್ತು. ಆದರೆ ಅದು ಡೇಟಾಬೇಸ್‌ಗೆ ಸರಿಯಾಗಿಯೇ ಬರೆಯುತ್ತಿದೆಯಲ್ಲ?

ಕೋಟೆಗುಡ್ಡ, ರಾತ್ರಿ 10:50

ಉಳಿಸುವಾಗ ಏನು ಬಳಸಿದೆ? ಒಂದೊಂದು ಸಾಲನ್ನು ತಂದು "ಸೇವ್" ಮಾಡಿದೆಯಾ, ಅಥವಾ ಕ್ವೆರಿಯಲ್ಲೇ "ವೇರ್" ಹಾಕಿ ನೇರ "ಅಪ್‌ಡೇಟ್" ಮಾಡಿದೆಯಾ? ಹಾಗೇ ರೇಟ್ ಮಾಡೆಲ್ ಫೈಲ್ (ರೇಟಿನ ಟೇಬಲ್ ಜೊತೆ ವ್ಯವಹರಿಸುವ ಕೋಡ್) ತೆಗೆದು "ಸೇವ್ಡ್" ಅನ್ನುವ ಪದ ಇದೆಯಾ ನೋಡು.

ಎಡದಂಡೆ, ರಾತ್ರಿ 11:02

ನೇರ ಅಪ್‌ಡೇಟ್ ಮಾಡಿದ್ದೇನೆ. ಮಾಡೆಲ್‌ನಲ್ಲಿ "ಸೇವ್ಡ್" ಇದೆ. ಅದರ ಒಳಗೆ ಕ್ಯಾಶ್ ಫರ್ಗೆಟ್, ಅದೇ ಕೀ.

ಅರ್ಥ ಆಯಿತು. ಅವರು ರೇಟು ಸೇವ್ ಆದ ತಕ್ಷಣ ಹಳೇ ಕ್ಯಾಶ್ ಅಳಿಸುವ ಹಾಗೆ ಬರೆದಿದ್ದರು. ನಾನು ಬೇರೆ ದಾರಿಯಲ್ಲಿ ಉಳಿಸಿದೆ, ಆ ಸಾಲು ಓಡಲೇ ಇಲ್ಲ.

ಕೋಟೆಗುಡ್ಡ, ರಾತ್ರಿ 11:09

ಅದೇ. ಕ್ವೆರಿಯಿಂದ ಒಟ್ಟಿಗೆ ಅಪ್‌ಡೇಟ್ ಮಾಡಿದರೆ ಮಾಡೆಲ್‌ನ ಸೇವ್ಡ್ ಈವೆಂಟ್ ಹುಟ್ಟುವುದಿಲ್ಲ. ಲಾರಾವೆಲ್ ಆ ಸಾಲುಗಳನ್ನು ಮಾಡೆಲ್ ಆಗಿ ತರುವುದೇ ಇಲ್ಲ, ನೇರ ಡೇಟಾಬೇಸ್‌ಗೆ ಹೇಳಿಬಿಡುತ್ತದೆ. ಪಿಎಚ್‌ಪಿ ಮೈಅಡ್ಮಿನ್‌ನಲ್ಲಿ ಕೈಯಿಂದ ರೇಟು ತಿದ್ದಿದರೂ ಹೀಗೇ ಆಗುತ್ತದೆ.

ನಿನ್ನ ಹೊಸ ಪುಟದಲ್ಲಿ ಅಪ್‌ಡೇಟ್ ಆದ ಕೆಳಗಿನ ಸಾಲಿನಲ್ಲೇ ಕ್ಯಾಶ್ ಫರ್ಗೆಟ್ ಹಾಕು, ಅದೇ ಕೀ. ನಾಲ್ಕೋ ಐದೋ ತಳಿ ಇರುವ ಕಡೆ ಒಂದೊಂದಾಗಿ ತಂದು ಸೇವ್ ಮಾಡಿದರೂ ಭಾರ ಆಗುವುದಿಲ್ಲ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮುಂದೆ ಬರುವವರು ಮಾಡೆಲ್ ಒಂದನ್ನೇ ನೋಡಿದರೆ ಸಾಕು. ಜೊತೆಗೆ ಫಾರೆವರ್ ತೆಗೆದು ಹತ್ತು ನಿಮಿಷಕ್ಕೆ ಇಳಿಸು. ಎಲ್ಲೋ ಒಂದು ಕಡೆ ಮರೆತರೂ ಹತ್ತು ನಿಮಿಷದಲ್ಲಿ ತಾನೇ ಸರಿ ಹೋಗುತ್ತದೆ. ಕಾರಟಗಿಯಿಂದ ಟ್ರ್ಯಾಕ್ಟರ್ ಹೊರಡುವ ಮುಂಚೆ.

ಕಿನ್ನಾಳ ಗೊಂಬೆ (ಕೊಪ್ಪಳ), ಮರುದಿನ ಬೆಳಗ್ಗೆ 7:20

ಬೆಳಗ್ಗೆ ಎದ್ದು ಪೂರ್ತಿ ಓದಿದೆ. ನಾನು ಎರಡು ಸೇರಿಸುತ್ತೇನೆ, ಎರಡೂ ನನಗೆ ದಿನಗಟ್ಟಲೆ ತಲೆ ತಿಂದವು.

ಬ್ಲೇಡ್ ಪುಟ, ಅಂದರೆ ಲಾರಾವೆಲ್‌ನಲ್ಲಿ ಪುಟದ ರೂಪ ಬರೆಯುವ ಫೈಲ್. ಬ್ಲೇಡ್ ಫೈಲ್ ಬದಲಾದರೆ ಲಾರಾವೆಲ್ ತಾನೇ ಹೊಸದಾಗಿ ಕಂಪೈಲ್ ಮಾಡುತ್ತದೆ (ಪಿಎಚ್‌ಪಿಗೆ ಬದಲಿಸಿ ಇಟ್ಟುಕೊಳ್ಳುತ್ತದೆ) ಅಂತಾರೆ. ನಿಜ. ಆದರೆ ಅದು ನೋಡುವುದು ಫೈಲ್‌ನ ಸಮಯ ಮಾತ್ರ. ನಾನು ಸಂಜೆ ನಾಲ್ಕಕ್ಕೆ ಮನೆಯಲ್ಲಿ ಒಂದು ಪುಟ ತಿದ್ದಿದೆ. ಐದಕ್ಕೆ ಯಾರೋ ಸೈಟ್ ತೆರೆದರು, ಸರ್ವರ್‌ನಲ್ಲಿ ಹಳೇ ಪುಟ ಕಂಪೈಲ್ ಆಯಿತು. ಆರಕ್ಕೆ ನಾನು ಜಿಪ್ ಮಾಡಿ ಅಪ್‌ಲೋಡ್ ಮಾಡಿ ಬಿಚ್ಚಿದೆ. ಜಿಪ್ ಒಳಗಿನ ಫೈಲ್‌ಗೆ ನಾಲ್ಕು ಗಂಟೆಯ ಮೊಹರೇ ಉಳಿದಿತ್ತು. ಲಾರಾವೆಲ್ ಲೆಕ್ಕದಲ್ಲಿ ಕಂಪೈಲ್ ಆದದ್ದೇ ಹೊಸದು! ನನ್ನ ತಿದ್ದುಪಡಿ ಕಾಣಲೇ ಇಲ್ಲ. ಅಂಥ ಹೊತ್ತಿನಲ್ಲಿ ಸ್ಟೋರೇಜ್, ಫ್ರೇಮ್‌ವರ್ಕ್, ವ್ಯೂಸ್ ಒಳಗೆ ಹೋಗಿ ಉದ್ದನೆಯ ಹೆಸರಿನ ಪಿಎಚ್‌ಪಿ ಫೈಲ್‌ಗಳನ್ನೆಲ್ಲಾ ಅಳಿಸಿ. ಫೋಲ್ಡರ್ ಇರಲಿ, ಒಳಗಿನ ಡಾಟ್ ಗಿಟ್‌ಇಗ್ನೋರ್ ಇರಲಿ. ಅಥವಾ ಫೈಲ್ ಮ್ಯಾನೇಜರ್‌ನಲ್ಲೇ ಆ ಬ್ಲೇಡ್ ಫೈಲ್ ತೆಗೆದು ಒಂದು ಸ್ಪೇಸ್ ಹಾಕಿ ಸೇವ್ ಮಾಡಿದರೂ ಆಗುತ್ತದೆ.

ಇನ್ನೊಂದು ಒಪಿಕ್ಯಾಶ್. ಇದು ಲಾರಾವೆಲ್‌ದಲ್ಲ, ಪಿಎಚ್‌ಪಿಯದೇ. ಓದಿದ ಪಿಎಚ್‌ಪಿ ಫೈಲನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮಾಮೂಲಿಯಾಗಿ 2 ಸೆಕೆಂಡಿಗೊಮ್ಮೆ ಫೈಲ್ ಬದಲಾಯಿತಾ ಅಂತ ನೋಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಹೋಸ್ಟಿಂಗ್‌ನವರು ಆ ಅವಧಿ ಜಾಸ್ತಿ ಇಟ್ಟಿದ್ದರೆ, ಅಥವಾ ನೋಡುವುದನ್ನೇ ನಿಲ್ಲಿಸಿದ್ದರೆ, ಹೊಸ ಕಂಟ್ರೋಲರ್ ಹಾಕಿದರೂ ಹಳೇದೇ ಓಡುತ್ತದೆ. ಮಾಸ್ತರ ಸರ್ ಹೇಳಿದ ಕ್ರಾನ್ ಇದಕ್ಕೆ ಉಪಯೋಗ ಇಲ್ಲ. ಕ್ರಾನ್‌ನಲ್ಲಿ ಓಡುವ ಪಿಎಚ್‌ಪಿಯ ಮೆಮೊರಿ ಬೇರೆ, ಸೈಟ್ ನಡೆಸುವ ಪಿಎಚ್‌ಪಿಯ ಮೆಮೊರಿ ಬೇರೆ. ಒಪಿಕ್ಯಾಶ್ ರೀಸೆಟ್ ಅನ್ನುವ ಒಂದೇ ಸಾಲಿನ ಪಿಎಚ್‌ಪಿ ಫೈಲ್ ಹಾಕಿ, ಬ್ರೌಸರ್‌ನಿಂದ ಒಮ್ಮೆ ತೆರೆದು, ತಕ್ಷಣ ಆ ಫೈಲ್ ಅಳಿಸಬೇಕು.

ಶಕ್ತಿನಗರ ವಿದ್ಯಾರ್ಥಿ, ಬೆಳಗ್ಗೆ 9:05

ಸರ್, ಮೇಡಂ, ನಾನು ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟ್ ಆನ್‌ಲೈನ್ ಹಾಕಿದೆ. ಲಿನಕ್ಸ್ ಸರ್ವರ್‌ನಲ್ಲಿ "ಸಿ ಡ್ರೈವ್, ಎಕ್ಸಾಂಪ್, ಎಚ್‌ಟಿಡಾಕ್ಸ್" ಅನ್ನುವ ಜಾಗ ಸಿಗುತ್ತಿಲ್ಲ ಅಂತ ತಪ್ಪು ಬರುತ್ತಿದೆ. ಅದು ನನ್ನ ಲ್ಯಾಪ್‌ಟಾಪ್‌ನ ವಿಳಾಸ! ಕೋಡ್‌ನಲ್ಲಿ ಎಲ್ಲೂ ಬರೆದಿಲ್ಲ. ಇದಕ್ಕೂ ಕ್ಯಾಶ್‌ಗೂ ಸಂಬಂಧ ಇದೆಯಾ?

ಗಂಗಾವತಿ ಕೋಡ್, ಬೆಳಗ್ಗೆ 9:14

ಇದೆ. ಈ ಸಲ ಖಚಿತವಾಗಿ ಹೇಳುತ್ತೇನೆ, ನನಗೇ ಆಗಿದೆ. ಲ್ಯಾಪ್‌ಟಾಪ್‌ನಲ್ಲಿ ಯಾವತ್ತೋ ಕಾನ್ಫಿಗ್ ಕ್ಯಾಶ್ ಓಡಿಸಿದ್ದೀರಿ. ಆ ಕಾನ್ಫಿಗ್.ಪಿಎಚ್‌ಪಿಯಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಪೂರ್ತಿ ದಾರಿಗಳು ಬರೆದಿವೆ. ಜಿಪ್ ಜೊತೆ ಅದೂ ಸರ್ವರ್‌ಗೆ ಬಂದಿದೆ. ಬೂಟ್‌ಸ್ಟ್ರ್ಯಾಪ್ ಒಳಗಿನ ಕ್ಯಾಶ್‌ಗೆ ಹೋಗಿ ಅದನ್ನು ಅಳಿಸಿ. ನಿಮ್ಮದು ಹೊಸ ಪ್ರಾಜೆಕ್ಟ್, ಆದರೂ ಕೋಟೆಗುಡ್ಡ ಅಕ್ಕ ಹೇಳಿದ ಹಾಗೆ ಡಾಟ್ ಇಎನ್‌ವಿಯಲ್ಲಿ ಸರ್ವರ್‌ನ ಡೇಟಾಬೇಸ್ ಹೆಸರು ಹಾಕಿದ್ದೀರಾ ಅಂತ ಮೊದಲು ನೋಡಿ.

ಆಮೇಲೆ "ಕ್ಲಾಸ್ ನಾಟ್ ಫೌಂಡ್" ಅಂತ ಯಾವುದೋ ಡೀಬಗ್‌ಬಾರ್ ಹೆಸರು ಬಂದರೆ ಅದೇ ಫೋಲ್ಡರ್‌ನ ಪ್ಯಾಕೇಜಸ್ ಮತ್ತು ಸರ್ವಿಸಸ್ ಫೈಲ್ ಅಳಿಸಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದ ಪ್ಯಾಕೇಜ್‌ಗಳ ಪಟ್ಟಿ ಅದರಲ್ಲಿ ಉಳಿದಿರುತ್ತದೆ. ಇವೆರಡು ಮಾತ್ರ ನಿಜವಾಗಿಯೂ ತಾವೇ ಮತ್ತೆ ಹುಟ್ಟುತ್ತವೆ, ಆ ಫೋಲ್ಡರ್‌ಗೆ ಬರೆಯುವ ಅನುಮತಿ ಇದ್ದರೆ.

ಶಕ್ತಿನಗರ ವಿದ್ಯಾರ್ಥಿ, ಬೆಳಗ್ಗೆ 9:31

ಬಂತು ಸರ್! ಎರಡೂ ತಪ್ಪು ಬಂದಿದ್ದವು, ಎರಡೂ ಹೋದವು. ತುಂಬಾ ಧನ್ಯವಾದ.

ಮುದಗಲ್ ಕೋಟೆ, ಬೆಳಗ್ಗೆ 10:02

ಸೈಟ್‌ನ ಮುಂದೆ ನಿಂತು ಫೈಲ್‌ಗಳ ಪ್ರತಿ ಇಟ್ಟುಕೊಳ್ಳುವ ಕ್ಲೌಡ್‌ಫ್ಲೇರ್ ಸೇವೆ ಹಾಕಿಕೊಂಡವರು ಅಲ್ಲಿಯೂ ಪರ್ಜ್ (ಖಾಲಿ) ಮಾಡಬೇಕಾಗುತ್ತದೆಯಾ?

ಕೋಟೆಗುಡ್ಡ, ಬೆಳಗ್ಗೆ 10:20

ರೇಟಿನಂಥ ಪುಟಕ್ಕೆ ಸಾಮಾನ್ಯವಾಗಿ ಬೇಡ ಸರ್. ನಾವೇ ನಿಯಮ ಹಾಕದಿದ್ದರೆ ಕ್ಲೌಡ್‌ಫ್ಲೇರ್ ಎಚ್‌ಟಿಎಂಎಲ್ ಪುಟ ಇಟ್ಟುಕೊಳ್ಳುವುದಿಲ್ಲ. ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇಟ್ಟುಕೊಳ್ಳುತ್ತದೆ. ಇಲ್ಲಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕಕ್ಕೆ ಸ್ಟಾಕ್ ನೋಡುವ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಅಲ್ಲಿ ಸಿಎಸ್‌ಎಸ್ ವಿಳಾಸದ ಕೊನೆಗೆ ಫೈಲ್ ಬದಲಾದ ಸಮಯವನ್ನು ಸೇರಿಸಿದ್ದೇನೆ. ಫೈಲ್ ಬದಲಾದರೆ ವಿಳಾಸವೇ ಬದಲಾಗುತ್ತದೆ. ಫೋನ್‌ಗಳೂ ಹೊಸದನ್ನೇ ತರುತ್ತವೆ, ಕ್ಲೌಡ್‌ಫ್ಲೇರೂ ಹೊಸದನ್ನೇ ತರುತ್ತದೆ. ಐವತ್ತು ಜನ ಹೊಲಿಗೆಯವರಿಗೆ "ಫೋನ್ ಕ್ಯಾಶ್ ತೆಗೆಯಿರಿ" ಅಂತ ಹೇಳುತ್ತಾ ಕೂರುವುದು ಆಗುತ್ತಾ?

ಮತ್ತೆ ನಿನ್ನೆ ರೂಟ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಕ್ಲಿಯರ್-ಕ್ಯಾಶ್ ಅನ್ನುವ ವಿಳಾಸ ಬರೆದು ಹಾಗೇ ಬಿಟ್ಟ ಸೈಟ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಲಾಗಿನ್ ಇಲ್ಲ, ಏನಿಲ್ಲ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಕ್ಯಾಶ್ ಅಳಿಸಬಹುದು, ನಿಮಿಷಕ್ಕೆ ನೂರು ಸಲ ಬೇಕಾದರೂ. ಪ್ರತಿ ಸಲ ಎಲ್ಲಾ ಹೊಸದಾಗಿ ಲೆಕ್ಕ ಹಾಕಿ ಸರ್ವರ್ ಸುಸ್ತಾಗುತ್ತದೆ. ಇನ್ನೂ ಭಯ ಹುಟ್ಟಿಸುವುದು ಬೇರೆ ಇದೆ. ಅದೇ ರೀತಿ "ಮೈಗ್ರೇಟ್ ಫ್ರೆಶ್" ಓಡಿಸುವ ರೂಟ್ ಇಟ್ಟದ್ದನ್ನೂ ಕಂಡಿದ್ದೇನೆ. ಒಂದು ಸಲ ತೆರೆದರೆ ಎಲ್ಲಾ ಟೇಬಲ್ ಅಳಿಸಿ ಖಾಲಿ ಕಟ್ಟುತ್ತದೆ. ಒಂದು ವರ್ಷದ ಬಿಲ್ ಒಂದು ಕ್ಲಿಕ್‌ಗೆ ಹೋಗುತ್ತದೆ.

ರೂಟ್ ಬೇಕೇ ಬೇಕು ಅಂದರೆ ಅಡ್ಮಿನ್ ಲಾಗಿನ್ ಹಿಂದೆ ಇಡಿ, ಲಿಂಕ್ ಬದಲು ಪೋಸ್ಟ್ ಫಾರಂನ ಬಟನ್ ಮಾಡಿ, ಒಂದೇ ಒಂದು ನಿಗದಿ ಕಮಾಂಡ್ ಮಾತ್ರ ಓಡುವ ಹಾಗೆ ಬರೆಯಿರಿ. ಆರ್ಟಿಸನ್ ಕಾಲ್‌ಗೆ ಎಕ್ಸೆಕ್ (ಪಿಎಚ್‌ಪಿಯಿಂದ ಸರ್ವರ್ ಕಮಾಂಡ್ ಓಡಿಸುವ) ಅನುಮತಿ ಬೇಕಾಗಿಲ್ಲ, ಹೋಸ್ಟಿಂಗ್‌ನವರು ಅದನ್ನು ಮುಚ್ಚಿದ್ದರೂ ನಡೆಯುತ್ತದೆ.

ಎಡದಂಡೆ, ಮಧ್ಯಾಹ್ನ 1:15

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಏಳಕ್ಕೇ ಅಂಗಡಿಗೆ ಹೋಗಿದ್ದೆ. ಹೊಸ ಪುಟದಲ್ಲಿ ಒಂದೊಂದು ತಳಿಯನ್ನೂ ಸೇವ್ ಮಾಡುವ ಹಾಗೆ ಬದಲಾಯಿಸಿದೆ, ಫಾರೆವರ್ ತೆಗೆದು ಹತ್ತು ನಿಮಿಷ ಇಟ್ಟೆ. ಸಾಹುಕಾರರು ಎಂಟಕ್ಕೆ ರೇಟು ಹಾಕಿದರು. ನಾನು ಪಕ್ಕದಲ್ಲೇ ಫೋನ್ ಹಿಡಿದು ನಿಂತಿದ್ದೆ. ಬಟನ್ ಒತ್ತಿದರು, ನಾನು ಪುಟ ಎಳೆದೆ, ಹೊಸ ರೇಟು ಬಂತು. ಎಸ್‌ಎಂಎಸ್ ಕೂಡ ಹೋಯಿತು.

ಹತ್ತೂವರೆಗೆ ಕಾರಟಗಿಯ ಹಿರಿಯರು ಫೋನ್ ಮಾಡಿದ್ದರು. ಇನ್ನೊಂದು ಗಾಡಿ ಇದೆಯಂತೆ. ಮೊಬೈಲ್‌ನಲ್ಲಿ ಕಂಡ ರೇಟು ಓದಿ ಹೇಳಿ, ಇದೇ ಏನು ಅಂತ ಕೇಳಿದರು. ಅದೇ ಅಂತ ಹೇಳಿದೆ. ಸಂಜೆಗೆ ತರುತ್ತಾರಂತೆ.

ರೂಟ್ ತೆಗೆದು ಹಾಕಿದ್ದೇನೆ ಅಕ್ಕಾ. ಗಂಗಾವತಿ ಅಣ್ಣಾ, ನೀವು ಬೇಜಾರು ಮಾಡಿಕೊಳ್ಳಬೇಡಿ. ಆ ಕಡೆ ಬಂದಾಗ ನಿಮ್ಮ ಜೊತೆ ಒಗ್ಗರಣೆ ಮಿರ್ಚಿ ತಿನ್ನೋಣ.

ಕೋಟೆಗುಡ್ಡ, ಮಧ್ಯಾಹ್ನ 1:32

ತುಂಬಾ ಸಂತೋಷ ತಮ್ಮಾ. ಒಂದು ಕೇಳುವುದು ಮರೆತಿದ್ದೆ. ನಿನ್ನೆ ಡೌನ್‌ಲೋಡ್ ಮಾಡಿದ ಆ ಕಾನ್ಫಿಗ್ ಫೈಲ್ ಅಂಗಡಿಯ ಕಂಪ್ಯೂಟರ್‌ನಲ್ಲೇ ಇದೆಯಾ? ಅದರಲ್ಲಿ ಎಲ್ಲಾ ಪಾಸ್‌ವರ್ಡ್ ಇವೆ.

ಎಡದಂಡೆ, ಮಧ್ಯಾಹ್ನ 1:40

ಇತ್ತು ಅಕ್ಕಾ. ಈಗ ಅಳಿಸಿದೆ. ರೀಸೈಕಲ್ ಬಿನ್‌ನಿಂದಲೂ ತೆಗೆದೆ.